ಜೆನೆಸಿಸ್ ಬ್ಯಾಂಡ್ ಯಾವಾಗ ಮೆತ್ತಗಾಯ್ತು ಅಂತ ನಿಮ್ಮ ಕಿವೀಲೇ ಕಂಡ್ಹಿಡಿಯೋದು ಹೇಗೆ

ಸಕಲೇಶಪುರದ ಹತ್ರ ತೋಟ ಇರೋ ನಮ್ಮ ಭಾವಂದು ಒಂದೇ ಮಾತು, ಇಂಗ್ಲೆಂಡಿನ ರಾಕ್ ಬ್ಯಾಂಡ್ ಜೆನೆಸಿಸ್ಸಲ್ಲಿ ಹಾಡ್ತಿದ್ದ ಪೀಟರ್ ಗೇಬ್ರಿಯಲ್ ಬಿಟ್ಟೋದ, ಡ್ರಮ್ಸ್ ಬಾರಿಸ್ತಿದ್ದ ಫಿಲ್ ಕಾಲಿನ್ಸ್ ಮೈಕ್ ಹಿಡಿದ, ಬ್ಯಾಂಡ್ ಮೆತ್ತಗಾಗಿ ಪಾಪ್ ಕಡೆ ಹೋಯ್ತು, ಅಲ್ಲಿಗೆ ಮುಗೀತು ಅಂತ. ಪ್ರತಿ ಹಬ್ಬಕ್ಕೂ ಊಟ ಆಗಿ ಎಲೆ ಅಡಿಕೆ ಹಾಕ್ಕೊಂಡ್ಮೇಲೆ ಇದೇ ಜಗಳ. ಹೋದ ಮಳೆಗಾಲದಲ್ಲಿ ಹಠಕ್ಕೆ ಬಿದ್ದು ಹಾಸನದ ಮನೇಲಿ ಕೂತು 1972ರಿಂದ 1986ರ ತನಕ ಆಲ್ಬಮ್‌ಗಳನ್ನ ಸಾಲಾಗಿ ಕೇಳ್ದೆ, ಭಾವ ಹೇಳ್ತಿದ್ದಿದ್ದು ಅರ್ಧ ಸುಳ್ಳು ಕಣ್ರೀ. ನೀವೂ ಮಾಡ್ಬೋದು, ಸಂಗೀತ ಕಲಿತಿರ್ಬೇಕು ಅಂತೇನಿಲ್ಲ, ಒಂದು ಹತ್ತು ಸಂಜೆ, ಒಂದು ಒಳ್ಳೆ ಇಯರ್‌ಫೋನು, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳು ಸಾಕು.

ಮೊದಲನೇದು, ಹಳೇದರಿಂದ ಹೊಸದಕ್ಕೆ ಬನ್ನಿ. ನಾನು ಉಲ್ಟಾ ಮಾಡಿ ಕೆಟ್ಟೆ. ಕಾಲೇಜಲ್ಲಿ ಕೈಗೆ ಸಿಕ್ಕಿದ್ದು ಅವರ 1986ರ ಇನ್‌ವಿಸಿಬಲ್ ಟಚ್ ಕ್ಯಾಸೆಟ್ಟು, ಅದು ಬಾಯಿಪಾಠ ಆದ್ಮೇಲೆ ಯಾರೋ 1972ರ ಫಾಕ್ಸ್‌ಟ್ರಾಟ್ ಕೊಟ್ರು, ಇದೇನಪ್ಪ ಜಾತ್ರೆ ಗಲಾಟೆ ಅಂತ ಎತ್ತಿಟ್ಟೋನು ಎಂಟು ವರ್ಷ ಮುಟ್ಲಿಲ್ಲ.

ಎರಡನೇದು ಯಾರೂ ಹೇಳಲ್ಲ. 2007, 2008ರಲ್ಲಿ ನಿಕ್ ಡೇವಿಸ್ ಅನ್ನೋರು ಈ ಹಳೇ ಆಲ್ಬಮ್‌ಗಳನ್ನ ಮತ್ತೆ ಮಿಕ್ಸ್ ಮಾಡಿದ್ದಾರೆ, ಡಿಜೆ ರಿಮಿಕ್ಸ್ ಅಲ್ಲ, ಮೂಲ ಟೇಪಿಂದ ಒಂದೊಂದು ವಾದ್ಯದ ಮಟ್ಟ ಹೊಸದಾಗಿ ಕೂರಿಸಿರೋದು. ಒಂದು ಆಲ್ಬಮ್ ಹಳೇ ಮಿಕ್ಸಲ್ಲಿ, ಇನ್ನೊಂದು ಹೊಸದರಲ್ಲಿ ಕೇಳಿದ್ರೆ ಬದಲಾಗಿದ್ದು ಬ್ಯಾಂಡಾ ಮಿಕ್ಸಾ ಅಂತಾನೇ ಗೊತ್ತಾಗಲ್ಲ. ಯಾವುದೋ ಒಂದಕ್ಕೆ ಅಂಟ್ಕೊಳ್ಳಿ.

ಪುಸ್ತಕದಲ್ಲಿ ಆಲ್ಬಮ್ಮಿಗೊಂದು ಸಾಲು. ಅತಿ ಉದ್ದದ ಹಾಡು ಎಷ್ಟು ನಿಮಿಷ, ಲೆಕ್ಕ ಎಷ್ಟು ಅಕ್ಷರದ್ದು, ಡ್ರಮ್ ಹೇಗೆ ಕೇಳ್ತು, ಇಷ್ಟೇ ಬರ್ಕೊಳ್ಳಿ. ಲೆಕ್ಕ ಅಂದ್ರೆ ಹೆದರ್ಕೋಬೇಡಿ. ಭಜನೇಲಿ ತಾಳ ಹಾಕಿದ್ರೆ ಆಯ್ತು, ತಕದಿಮಿ ತಕದಿಮಿ ಅಂತ ನಾಲ್ಕರಲ್ಲಿ ಕೂತ್ರೆ ಸಾದಾ, ತಕಿಟ ತಕದಿಮಿ ಅಂತ ಏಳಕ್ಕೆ ಹೋದ್ರೆ ನಮ್ಮ ಮಿಶ್ರ ಚಾಪು, ಎಲ್ಲೂ ಕೂರ್ತಿಲ್ಲ ಅಂದ್ರೆ ಬರೀ ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ.

ಈಗ 1972ರ ಫಾಕ್ಸ್‌ಟ್ರಾಟ್ ಹಾಕಿ. ಶುರುವಲ್ಲೇ ಮೆಲ್ಲೋಟ್ರಾನ್ ಮೊಳಗುತ್ತೆ, ಅದೊಂದು ಕೀಬೋರ್ಡು, ಒಂದೊಂದು ಮನೆ ಕೆಳಗೂ ಟೇಪಿನ ತುಂಡು, ಒತ್ತಿ ಹಿಡಿದ್ರೆ ಎಂಟು ಸೆಕೆಂಡ್ ಆಡಿ ಖಾಲಿ ಆಗೋಗುತ್ತೆ. ಕೊನೇಲಿ ಸಪ್ಪರ್ಸ್ ರೆಡಿ, ಏಳು ಭಾಗ, ಹತ್ರತ್ರ 23 ನಿಮಿಷ. ಹಾಸನ ಬಸ್ ಸ್ಟ್ಯಾಂಡಲ್ಲಿ ಬೇಲೂರು ಬಸ್ ಹತ್ತಿ ಹಾಕ್ಕೊಂಡ್ರೆ ಮುಗಿಯೋ ಹೊತ್ತಿಗೆ ಹಗರೆ ಇನ್ನೂ ಬಂದಿರಲ್ಲ, ಆದ್ರೆ ಅಷ್ಟರಲ್ಲಿ ಒಂದು ಪೂರ್ತಿ ಪ್ರಸಂಗ ನೋಡಿದಂಗೆ ಆಗಿರುತ್ತೆ, ಮಧ್ಯದಲ್ಲಿ ಒಂಬತ್ತರ ಲೆಕ್ಕದ ಭಾಗ ಬೇರೆ. ಅದೇ ವರ್ಷ ಗೇಬ್ರಿಯಲ್ ಹೆಂಡ್ತಿ ಸೀರೆ... ಅಲ್ಲ, ಕೆಂಪು ಗೌನು ಹಾಕ್ಕೊಂಡು ನರಿ ತಲೆ ಇಟ್ಕೊಂಡು ಡಬ್ಲಿನ್ನಲ್ಲಿ ಸ್ಟೇಜಿಗೆ ಬಂದಿದ್ದು, ವೇಷ ಅಂದ್ರೆ ನಮಗೇನು ಹೊಸದಲ್ಲ ಬಿಡಿ.

1973ರ ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್ ನನಗೆ ಎಲ್ಲಕ್ಕಿಂತ ಇಷ್ಟ. ದ ಸಿನೆಮಾ ಶೋ ಹಾಡಿನ ಎರಡನೇ ಅರ್ಧದಲ್ಲಿ ಟೋನಿ ಬ್ಯಾಂಕ್ಸ್ ಕೀಬೋರ್ಡು ಏಳರ ಲೆಕ್ಕದಲ್ಲಿ ಓಡುತ್ತೆ, ತಾಳ ಹಾಕ್ತಾ ಕೂತ್ರೆ ಒಲೆ ಮೇಲಿನ ಹಾಲು ಉಕ್ಕೋದೂ ತಿಳಿಯಲ್ಲ. 1974ರ ಡಬಲ್ ಆಲ್ಬಮ್ಮು 94 ನಿಮಿಷ, ಮೊದಲ ಸುತ್ತಲ್ಲಿ ಬಿಟ್ಬಿಡಿ.

ಗೇಬ್ರಿಯಲ್ ಹೊರಗೆ ಬಂದಿದ್ದು 1975ರಲ್ಲಿ. ಭಾವನ ಲೆಕ್ಕದಲ್ಲಿ ಇಲ್ಲಿಂದ ಸಪ್ಪೆ ಶುರುವಾಗ್ಬೇಕು. 1976ರ ಎ ಟ್ರಿಕ್ ಆಫ್ ದ ಟೇಲ್ ಹಾಕಿ, ಮೊದಲನೇ ಹಾಡೇ ಏಳರ ಲೆಕ್ಕ! ಅದೇ ವರ್ಷದ ವಿಂಡ್ ಅಂಡ್ ವದರಿಂಗಲ್ಲಿ ಹತ್ತು ನಿಮಿಷದ ಹಾಡಿದೆ. ಹಾಡೋನು ಹೋದ ಮಾತ್ರಕ್ಕೆ ಏನೂ ಕಳಚ್ಕೊಂಡಿಲ್ಲ. ಆಮೇಲೆ 1977ರಲ್ಲಿ ಗಿಟಾರಿನ ಸ್ಟೀವ್ ಹ್ಯಾಕೆಟ್ ಬಿಟ್ರು, ಉಳಿದಿದ್ದು ಮೂರೇ ಜನ, 1978ರ ಆಲ್ಬಮ್ಮಿಗೆ ಹೆಸರೂ ಅದೇ ಅರ್ಥದ್ದು, 53 ನಿಮಿಷದಲ್ಲಿ 11 ಹಾಡು, ಕೊನೇದೊಂದು ಮುದ್ದಾದ ಪ್ರೇಮಗೀತೆ ಇಂಗ್ಲೆಂಡಲ್ಲಿ ಅವರಿಗೆ ಮೊದಲನೇ ಟಾಪ್ ಟೆನ್ ತಂದ್ಕೊಡ್ತು. ನಿಮ್ಮ ಪುಸ್ತಕದಲ್ಲಿ ನಿಮಿಷದ ಕಾಲಂ ಇಲ್ಲಿ ದಢಕ್ಕಂತ ಇಳಿದಿರುತ್ತೆ. ಹೊಯ್ಸಳರು ದೊಡ್ಡಗದ್ದವಳ್ಳೀಲಿ ಗೋಡೆ ಸಾದಾ ಬಿಟ್ಟು, ಹಳೇಬೀಡಿಗೆ ಬರೋ ಹೊತ್ತಿಗೆ ಒಂದು ಗೇಣು ಜಾಗನೂ ಖಾಲಿ ಬಿಡ್ಲಿಲ್ಲ ಅಲ್ವಾ, ಇವರು ಹಳೇಬೀಡಿಂದ ದೊಡ್ಡಗದ್ದವಳ್ಳಿಗೆ ವಾಪಸ್ ನಡೆದವರು. ದೊಡ್ಡಗದ್ದವಳ್ಳಿ ಚೆನ್ನಾಗಿಲ್ಲ ಅಂತ ನಾನಂತೂ ಹೇಳಲ್ಲ.

1980ರ ಡ್ಯೂಕ್ ಕೇಳುವಾಗ ಒಂದು ಕೆಲಸ ಮಾಡಿ. ಅದರಲ್ಲಿ ಆರು ಹಾಡು ಒಟ್ಟಿಗೆ ಸೇರಿ ಅರ್ಧ ಗಂಟೆಯ ಒಂದೇ ಕಥೆ ಆಗ್ಬೇಕಿತ್ತು, ಜನ ಸಪ್ಪರ್ಸ್ ರೆಡಿ ಜೊತೆ ಹೋಲಿಸ್ತಾರೆ ಅಂತ ಬಿಡಿಸಿ ಹಂಚಿಬಿಟ್ರು. ಬಿಹೈಂಡ್ ದ ಲೈನ್ಸ್, ಡಚೆಸ್, ಗೈಡ್ ವೋಕಲ್, ಟರ್ನ್ ಇಟ್ ಆನ್ ಅಗೇನ್, ಡ್ಯೂಕ್ಸ್ ಟ್ರಾವೆಲ್ಸ್, ಡ್ಯೂಕ್ಸ್ ಎಂಡ್, ಈ ಸಾಲಲ್ಲಿ ಪ್ಲೇಲಿಸ್ಟ್ ಮಾಡಿ ಕೇಳಿ, ಹಳೇ ಬ್ಯಾಂಡು ಒಳಗೇ ಕೂತಿದೆ. ನಾಲ್ಕನೇದಂತೂ ರೇಡಿಯೋ ಹಿಟ್ಟು, ಎಲ್ಲರೂ ಕುಣಿಯೋಕೆ ಹೋಗ್ತಾರೆ, ಲೆಕ್ಕ 13, ಕಾಲು ತಪ್ಪುತ್ತೆ.

ಡ್ರಮ್ ಕಾಲಂಗೆ ಕೆಲಸ ಬರೋದು 1981ರ ಅಬಕ್ಯಾಬ್‌ನಿಂದ. ಅಲ್ಲಿಯವರೆಗೆ ಡ್ರಮ್ಮು ಮರದ ಪೆಟ್ಟಿಗೆ ಬಡಿದಂಗೆ ಕೇಳ್ತಿತ್ತು, ಇಲ್ಲಿಂದ ದೊಡ್ಡ ಗೋಡೌನಲ್ಲಿ ಹೊಡೆದಂಗೆ ಅನುರಣನ ಧಡ್ ಅಂತ ಏಳುತ್ತೆ, ಏಳ್ತಿದ್ದಂಗೇ ಬಾಗಿಲು ಹಾಕಿದಂಗೆ ಕಟ್ ಆಗುತ್ತೆ. ಎಂಜಿನಿಯರ್ ಹ್ಯೂ ಪ್ಯಾಡ್ಗಮ್. ಮಜಾ ಏನಂದ್ರೆ ಈ ಸದ್ದು ಅವರಿಗೆ ಕುದುರಿದ್ದು 1980ರಲ್ಲಿ ಗೇಬ್ರಿಯಲ್ಲೇ ಮಾಡಿದ ಸ್ವಂತ ಆಲ್ಬಮ್ಮಲ್ಲಿ, ಡ್ರಮ್ ಬಾರಿಸಿದ್ದು ಕಾಲಿನ್ಸೇ! ಅಂದ್ರೆ ಯಾರು ಬಿಟ್ಟೋದ್ಮೇಲೆ ಬ್ಯಾಂಡ್ ಮುಗೀತು ಅಂತ ಭಾವ ಹೇಳ್ತಾರೋ, ಅವರ ಅಂಗಳದಲ್ಲೇ ಆಮೇಲಿನ ಬ್ಯಾಂಡಿನ ಸದ್ದು ಹುಟ್ಟಿದ್ದು. ಇದನ್ನ ಹೇಳ್ದಾಗ ಭಾವ ಕಾಫಿ ತರ್ತೀನಿ ಅಂತ ಎದ್ದೋದ್ರು.

1986ರ ಇನ್‌ವಿಸಿಬಲ್ ಟಚ್ ಪೂರ್ತಿ ಪಾಪ್, ಅಮೆರಿಕದಲ್ಲಿ ಟೈಟಲ್ ಹಾಡು ಒಂದನೇ ಸ್ಥಾನಕ್ಕೆ ಹೋಯ್ತು, ಮುಂದಿನ ವಾರ ಅದನ್ನ ಕೆಳಗಿಳಿಸಿದ್ದು ಗೇಬ್ರಿಯಲ್ ಹಾಡು, ಅದೂ ಪಾಪೇ. ಆದ್ರೂ ಅದೇ ಆಲ್ಬಮ್ಮಲ್ಲಿ ಡೊಮಿನೋ ಅಂತ ಹತ್ತು ನಿಮಿಷ ದಾಟಿದ ಹಾಡಿದೆ, ಅದನ್ನ ಬಿಟ್ಟು ಸಾಲು ಬರೀಬೇಡಿ.

ಇನ್ನೊಂದು ಪರೀಕ್ಷೆ ನಂಗೆ ಅಚಾನಕ್ಕಾಗಿ ಸಿಕ್ಕಿದ್ದು, ಮಲೆನಾಡು ಕಡೆಯವರಿಗೆ ಪುಕ್ಕಟೆ. ಭಾವನ ಕಣದ ಪಕ್ಕದ ತಗಡಿನ ಶೆಡ್ಡಲ್ಲಿ, ಮಳೆ ಹೊಡೀತಿರುವಾಗ, ಸಣ್ಣ ಬ್ಲೂಟೂತ್ ಸ್ಪೀಕರಲ್ಲಿ ವಾಲ್ಯೂಮ್ ಬದಲಾಯಿಸದೆ 1973ರ ಆಲ್ಬಮ್ಮು, 1986ರ ಆಲ್ಬಮ್ಮು ಎರಡೂ ಹಾಕಿ. 1973ರದ್ದು ಶುರುವಾಗೋದು ಗೇಬ್ರಿಯಲ್ ಒಂಟಿ ದನಿಯಿಂದ, ಅದು ಕೇಳೋದೇ ಇಲ್ಲ, ಜಾಸ್ತಿ ಮಾಡಿದ್ರೆ ಆಮೇಲೆ ಬ್ಯಾಂಡು ಒಟ್ಟಿಗೆ ಬಂದಾಗ ನಾಯಿ ಎದ್ದು ಬೊಗಳುತ್ತೆ. 1986ರದ್ದು ಮೊದಲಿಂದ ಕೊನೇವರೆಗೂ ಮಳೆ ಮೇಲೇ ತೇಲುತ್ತೆ, ಒಂದಕ್ಷರ ಮುಳುಗಲ್ಲ. ಪಿಸುಮಾತು, ಕೂಗು ಎರಡನ್ನೂ ಒಂದೇ ಎತ್ತರಕ್ಕೆ ತಂದಿದ್ದಾರೆ. ನನ್ನ ಪ್ರಕಾರ ಮೆತ್ತಗಾಗೋದು ಅಂದ್ರೆ ನಿಮಿಷ ಕಮ್ಮಿಯಾಗೋದಕ್ಕಿಂತ ಇದೇ ಜಾಸ್ತಿ.

ಕೊನೆಗೆ ಯಾರ ಜೊತೆ ವಾದ ಇದೆಯೋ ಅವರನ್ನ ಕೂರಿಸಿ, ದನಿಯಿಂದ ಗುರುತು ಸಿಗಬಾರದು, ಅದಕ್ಕೆ ಹಾಡಿಲ್ಲದ ಜಾಗಗಳನ್ನೇ ಆರಿಸಿ: ಸಿನೆಮಾ ಶೋ ಎರಡನೇ ಅರ್ಧ, 1976ರ ಲಾಸ್ ಎಂಡೋಸ್ (ಕೊನೇಲಿ ಹಾಡೋ ಸಾಲು ಬರೋ ಮುಂಚೆ ನಿಲ್ಲಿಸಿ), ಡ್ಯೂಕ್ಸ್ ಟ್ರಾವೆಲ್ಸಿನ ಮೊದಲ ಭಾಗ, 1986ರ ದ ಬ್ರೆಜಿಲಿಯನ್. ಯಾವುದು ಗೇಬ್ರಿಯಲ್ ಕಾಲದ್ದು ಅಂತ ಕೇಳಿ. ಭಾವ ಡ್ಯೂಕ್ಸ್ ಟ್ರಾವೆಲ್ಸಿಗೆ ಕೈ ಎತ್ತಿದ್ರು, ವರ್ಷ ನಾನಿನ್ನೂ ಹೇಳಿಲ್ಲ, ದೀಪಾವಳಿಗೆ ಇಟ್ಕೊಂಡಿದೀನಿ.