ಪಾಮ್ ಗಿಡದ ಕೆಂಪು ಮೂತಿ ಹುಳ ಹಿಡಿಲಿಕ್ಕೆ ಹಳೇ ಪೇಂಟ್ ಬಕೆಟ್ ಸಾಕು

ತೆಂಗಿನ ತೋಟದ ಬದಿಯಲ್ಲೇ ಬಾಟಲ್ ಪಾಮ್, ರಾಯಲ್ ಪಾಮ್, ಅಲಂಕಾರದ ಖರ್ಜೂರ ಅಂತ ಬೆಳೆಸುವವರು ಕಾಸರಗೋಡು ಕಡೆ ಈಗ ಇದ್ದಾರೆ, ಹೊಸ ಮನೆ ಕಟ್ಟುವವರು, ರೆಸಾರ್ಟಿನವರು ದೊಡ್ಡ ಗಿಡಕ್ಕೆ ಒಳ್ಳೆ ರೇಟು ಕೊಡ್ತಾರೆ, ಆದ್ರೆ ನಾಲ್ಕೈದು ವರ್ಷ ಸಾಕಿದ ಗಿಡ ಲಾರಿ ಹತ್ತುವ ಹೊತ್ತಿಗೆ ಸುಳಿ ಬಾಗಿ ನಿಂತ್ರೆ ಮುಗೀತು. ಕೆಂಪು ಮೂತಿ ಹುಳ, ಮಲಯಾಳದವರ ಚೆಂಬನ್ ಚೆಲ್ಲಿ, ಅದಕ್ಕೆ ತೆಂಗು ಯಾವುದು ಶೋಕಿಯ ಪಾಮ್ ಯಾವುದು ಅಂತ ಭೇದ ಇಲ್ಲ. ಖರ್ಜೂರದ ಜಾತಿ ಅಂದ್ರೆ ಇನ್ನೂ ಪ್ರೀತಿ, ಗುಡ್ಡೆಯ ಬೈನೆ ಮರವನ್ನೂ ಬಿಡುದಿಲ್ಲ.

ಮದ್ದು ಹೊಡೆದ್ರೆ ಆಗುದಿಲ್ವಾ ಅಂತ ಕೇಳ್ತಾರೆ. ಗೇರು ತೋಟಕ್ಕೆ 2000ದ ವರೆಗೂ ಹೆಲಿಕಾಪ್ಟರಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದರ ಫಲ ಎಣ್ಮಕಜೆ, ಪಡ್ರೆ, ಸ್ವರ್ಗ ಅನ್ನುವ ಇಲ್ಲಿಯ ಊರುಗಳಲ್ಲಿ ಇವತ್ತಿಗೂ ಕಣ್ಣೆದುರು ಉಂಟು, ಇಲ್ಲಿಯವರಿಗೆ ಸ್ಪ್ರೇ ಕ್ಯಾನ್ ಎತ್ತಿ ಅಂತ ಹೇಳ್ಲಿಕ್ಕೆ ನಂಗಂತೂ ಬಾಯಿ ಬರುದಿಲ್ಲ. ಅದು ಬಿಡಿ, ತಿನ್ನುದು ಕಾಂಡದ ಒಳಗೆ ಕೂತ ಮರಿ, ಹೊರಗಿಂದ ಹೊಡೆದದ್ದು ಅದಕ್ಕೆ ಸರಿಯಾಗಿ ತಾಗುದೇ ಇಲ್ಲ. ಸುಲಭಕ್ಕೆ ಕೈಗೆ ಸಿಗುದು ಹೊರಗೆ ಹಾರಾಡುವ ದುಂಬಿ ಮಾತ್ರ, ಮತ್ತೆ ಒಂದು ಹೆಣ್ಣು ದುಂಬಿ ಇನ್ನೂರರ ಮೇಲೆ ಮೊಟ್ಟೆ ಇಡ್ತದೆ, ಆ ಲೆಕ್ಕದಲ್ಲಿ ಬಕೆಟಿಗೆ ಬಿದ್ದ ಒಂದೊಂದು ಹೆಣ್ಣೂ ಲಾಭವೇ.

ಈಗ ಬಕೆಟ್. 5ರಿಂದ 10 ಲೀಟರಿನದ್ದು, ಮುಚ್ಚಳ ಇರ್ಬೇಕು, ಗಾಢ ಬಣ್ಣದ್ದಾದ್ರೆ ಒಳ್ಳೇದು, ಬಿಳಿ ಬಕೆಟೇ ಇರುದು ಅಂದ್ರೆ ಹೊರಗೆ ಹೇಗೂ ಗೋಣಿ ಸುತ್ತಲಿಕ್ಕುಂಟು. ಮೇಲಿನ ಅಂಚಿಂದ ಸ್ವಲ್ಪ ಕೆಳಗೆ ನಾಲ್ಕು ಬದಿಗೂ ಒಂದೊಂದು ಕಿಟಕಿ ಕೊರೀರಿ, ಎರಡು ಬೆರಳು ಆರಾಮಾಗಿ ಹೋಗುವಷ್ಟು. ದುಂಬಿ ನೇರ ಹಾರಿ ಒಳಗೆ ಬೀಳುದಿಲ್ಲ, ಹೊರಗೆ ಎಲ್ಲೋ ಕೂತು ಆಮೇಲೆ ನಡ್ಕೊಂಡು ಮೇಲೆ ಬರುದು, ನುಣುಪು ಪ್ಲಾಸ್ಟಿಕ್ ಆದ್ರೆ ಅದಕ್ಕೆ ಹಿಡಿತ ಸಿಗುದಿಲ್ಲ, ಅದಕ್ಕೇ ಹಳೇ ಗೋಣಿಚೀಲ ಕಿಟಕಿಯ ಕೆಳ ಅಂಚಿನ ವರೆಗೂ ಬಿಗಿಯಾಗಿ ಸುತ್ತಿ ಹಗ್ಗ ಕಟ್ಟಿ. ಒಳಗಡೆ ಮಾತ್ರ ಏನೂ ಅಂಟಿಸ್ಬೇಡಿ, ಗೀರಬೇಡಿ, ಒಳಗೆ ನುಣುಪು ಇದ್ರೇನೇ ಬಿದ್ದದ್ದು ಹತ್ತಿ ಹೋಗ್ಲಿಕ್ಕಾಗುದಿಲ್ಲ.

ಮುಚ್ಚಳದ ಒಳಬದಿಗೆ ತಂತಿಯಲ್ಲಿ ಫೆರೋಮೋನ್ ಲ್ಯೂರ್ ನೇತುಹಾಕಿ, ಖರ್ಚು ಅಂತ ಇರುದು ಇದೊಂದಕ್ಕೇ. ಗಂಡು ದುಂಬಿ ಬಿಡುವ ವಾಸನೆಯ ನಕಲು ಇದು, ಮುಖ್ಯ ಪದಾರ್ಥ ಫೆರುಜಿನಿಯೋಲ್, 1993ರಲ್ಲಿ ಗುರುತಿಸಿದ್ದು, ಈ ವಾಸನೆಗೆ ಗಂಡೂ ಬರ್ತದೆ ಹೆಣ್ಣೂ ಬರ್ತದೆ, ಬೀಳುದರಲ್ಲಿ ಹೆಣ್ಣೇ ಜಾಸ್ತಿ. ತಗೊಳ್ಳುವಾಗ ಕೆಂಪು ಮೂತಿ ಹುಳದ್ದೇ ಅಂತ ಹೇಳಿ ತಗೊಳ್ಳಿ, ಕುರುವಾಯಿ ದುಂಬಿಯ (ತಲೆಯಲ್ಲಿ ಕೊಂಬಿರುವ, ತೆಂಗಿನ ಸುಳಿ ಕೊರೆಯುವ ದುಂಬಿ) ಲ್ಯೂರ್ ಬೇರೆ, ಒಂದರದ್ದು ಇನ್ನೊಂದಕ್ಕೆ ಆಗುದಿಲ್ಲ.

ಆದ್ರೆ ಲ್ಯೂರ್ ಒಂದೇ ನೇತುಹಾಕಿದ್ರೆ ಕೆಲಸ ಅರ್ಧಂಬರ್ಧ ಆಯ್ತಾ, ಬಕೆಟಲ್ಲಿ ಹುಳಿ ಬರುವ ತಿಂಡಿ ಬೇಕೇ ಬೇಕು. ಎರಡು ಲೀಟರ್ ನೀರಿಗೆ ಜಜ್ಜಿದ ಕಬ್ಬೋ, ಹಳೇ ಖರ್ಜೂರವೋ, ತೀರಾ ಹಣ್ಣಾದ ಬಾಳೆಹಣ್ಣು, ಅನಾನಸಿನ ಸಿಪ್ಪೆಯೋ ಒಂದೆರಡು ಹಿಡಿ, ಒಂದು ತುಂಡು ಬೆಲ್ಲ, ಚಿಟಿಕೆ ಯೀಸ್ಟ್. ಕಳ್ಳು ಸಿಗುವವರಿಗೆ ಯೀಸ್ಟ್ ಬೇಡ, ಅರ್ಧ ಲೀಟರ್ ಕಳ್ಳು ಸುರಿದ್ರೆ ಅದೇ ಹುಳಿ ಹಿಡಿಸ್ತದೆ. ನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ, ದುಂಬಿ ತೇಲದೆ ಮುಳುಗ್ತದೆ. ಫೆರೋಮೋನ್ ಬರುವ ಮೊದಲು ಮಡಕೆಯಲ್ಲಿ ಕಳ್ಳು ಅಥವಾ ಕಾಕಂಬಿ ಹಾಕಿ, ಸೀಳಿದ ಹಸಿ ಮಡಲಿನ (ತೆಂಗಿನ ಗರಿಯ) ದಂಟಿನ ತುಂಡು ಇಟ್ಟು ಹಿಡೀತಿದ್ರು, ಅದರಲ್ಲೂ ಬೀಳ್ತದೆ, ಆದ್ರೆ ಒಂದು ಎಕ್ರೆಗೆ ಮೂವತ್ತು ತುಂಡು ಬೇಕು.

ಎಲ್ಲಿ ಇಡುದು ಅನ್ನುದೇ ಇದರಲ್ಲಿ ದೊಡ್ಡ ವಿಷಯ. ಗಿಡಗಳ ಮಧ್ಯ ಖಂಡಿತ ಬೇಡ, ಪಾಮಿನ ಕಾಂಡಕ್ಕೆ ಕಟ್ಟುದಂತೂ ಬೇಡವೇ ಬೇಡ. ವಾಸನೆಗೆ ಬಂದ ದುಂಬಿಯೆಲ್ಲ ಬಕೆಟಿಗೆ ಬೀಳುದಿಲ್ಲ, ಕೆಲವು ಹತ್ತಿರದ ಗಿಡಕ್ಕೇ ಹೋಗ್ತವೆ, ಅಂದ್ರೆ ನಾವೇ ಕರೆದು ಮನೆಗೆ ಕೂರಿಸಿದ ಹಾಗೆ. ಬೇಲಿಯ ಬದಿ, ಎಳೇ ಪಾಮಿಂದಲೂ ಎಳೇ ತೆಂಗಿಂದಲೂ ದೂರ, ಮಾವು ಹಲಸಿನ ನೆರಳಲ್ಲಿ, ನೆಲದಿಂದ ಸೊಂಟದೆತ್ತರಕ್ಕೆ ಗೂಟಕ್ಕೆ ಕಟ್ಟಿ. ಬಿಸಿಲಲ್ಲಿಟ್ರೆ ನೀರೂ ಆರ್ತದೆ, ಲ್ಯೂರ್ ಕೂಡಾ ಬೇಗ ಖಾಲಿ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುದು ಹೆಕ್ಟೇರಿಗೆ ಒಂದು ಬಲೆ ಅಂತ, ನಮ್ಮಲ್ಲಿ ಹೆಚ್ಚಿನವರದ್ದು ಅಷ್ಟು ಜಾಗವೇ ಇಲ್ಲ, ಅಂದಾಗ ನೆರೆಕರೆಯ ಎರಡು ಮೂರು ಮನೆಯವರು ಸೇರಿ ಒಂದು ಇಟ್ರೂ ಆಗ್ತದೆ.

ಇಟ್ಟು ಮರೀಬಾರ್ದು ಮಾರಾಯ್ರೆ! ವಾರಕ್ಕೊಮ್ಮೆ, ತಪ್ಪಿದ್ರೆ ಹತ್ತು ದಿನಕ್ಕೆ, ನೀರು ತಿಂಡಿ ಎರಡೂ ಬದಲಿಸಿ, ನೀರು ಒಣಗಿದ ಬಕೆಟ್ ಇಡುದಕ್ಕಿಂತ ಇಡದೇ ಇರುದೇ ವಾಸಿ. ಲ್ಯೂರ್ ಎರಡು ಮೂರು ತಿಂಗಳು ಬರ್ತದೆ. ಆಟಿ ತಿಂಗಳ ಜೋರು ಮಳೆಗೆ ನೀರು ಕಿಟಕಿಯ ವರೆಗೂ ಏರಿದ್ರೆ ಬಿದ್ದ ದುಂಬಿ ಹತ್ತಿ ಹೊರಗೆ ಬರ್ತದೆ, ಕಿಟಕಿಯಿಂದ ಮೂರು ಬೆರಳು ಕೆಳಗೆ ಸೂಜಿಯಷ್ಟು ಸಣ್ಣ ಒಟ್ಟೆ ಒಂದೆರಡು ಮಾಡಿಟ್ರೆ ಹೆಚ್ಚಿನ ನೀರು ತಾನಾಗಿ ಇಳೀತದೆ. ಚೆಲ್ಲುವಾಗ ದುಂಬಿಗಳನ್ನು ಒಂದು ಕಡ್ಡಿಯಲ್ಲಿ ತಿರುಗಿಸಿ ನೋಡಿ, ಮೂತಿಯ ಮೇಲೆ ಕಂದು ರೋಮದ ಸಣ್ಣ ಬ್ರಷ್ ಇದ್ರೆ ಗಂಡು, ಮೂತಿ ಬೋಳಾಗಿ ಸ್ವಲ್ಪ ಉದ್ದ ಇದ್ರೆ ಹೆಣ್ಣು. ಎಷ್ಟು ಬಿತ್ತು ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ, ಸಂಖ್ಯೆ ಏಕ್ದಂ ಏರಿದ್ರೆ ಹತ್ತಿರದಲ್ಲೇ ಎಲ್ಲೋ ಒಂದು ಮರ ಒಳಗಿಂದ ಕೊಳೀತಾ ಉಂಟು ಅಂತ ಸಂಶಯ ಪಡಿ, ಹುಡುಕಿ.

ಹುಡುಕುದು ಅಂದ್ರೆ, ಕಾಂಡದ ಒಟ್ಟೆಯಿಂದ ಕಂದು ಬಣ್ಣದ ಅಂಟು ರಸ, ಜಗಿದ ನಾರು, ಹುಳಿ ವಾಸನೆ, ಕಿವಿ ಇಟ್ರೆ ಒಳಗೆ ಕರಕರ ಸದ್ದು. ಸುಳಿಯೇ ಬಾಗಿದ ಗಿಡದ ಆಸೆ ಬಿಡಿ, ಕಡಿದು ಸೀಳಿ ಮರಿ ಗೂಡು ಎಲ್ಲ ಸುಟ್ಟುಬಿಡಿ, ತೋಟದ ಮೂಲೆಯಲ್ಲಿ ರಾಶಿ ಹಾಕಿದ್ರೆ ಅದರಿಂದಲೇ ಮುಂದಿನ ಸಾಲಿನ ದುಂಬಿ ಎದ್ದು ಬರ್ತದೆ.

ಮತ್ತೆ ಪಾಮ್ ಚಂದ ಕಾಣ್ಲಿ ಅಂತ ಹಸಿ ಮಡಲನ್ನು ಕಾಂಡಕ್ಕೆ ತಾಗಿಸಿ ಬೋಳಿಸ್ತಾರಲ್ಲ, ದುಂಬಿ ಮೊದಲು ಬರುದು ಆ ಗಾಯದ ವಾಸನೆಗೇ. ಕಡೀಲೇ ಬೇಕಾದ್ರೆ ಕಾಂಡದಿಂದ ನಾಲ್ಕು ಅಡಿಯಾದ್ರೂ ಬಿಟ್ಟು ಕಡೀರಿ, ಗಿಡ ಕೀಳುವಾಗ ಆದ ಗಾಯಕ್ಕೆ ಅವತ್ತೇ ಬೋರ್ಡೋ ಪೇಸ್ಟ್ (ಮೈಲುತುತ್ತು, ಸುಣ್ಣ ಕಲಸಿದ್ದು) ಬಳೀರಿ. ಕುರುವಾಯಿ ಕೊರೆದ ಒಟ್ಟೆಯೂ ಇದಕ್ಕೆ ತೆರೆದ ಬಾಗಿಲು, ಸುಳಿಯ ಬುಡದ ಎಲೆಕಂಕುಳಿಗೆ ಬೇವಿನ ಹಿಂಡಿ ಮರಳು ಬೆರೆಸಿ ತುಂಬಿಸ್ತಾ ಇರಿ.