ಬಿಳಿ ಗೋಂದು, ನಾಲ್ಕು ಹನಿ ಸೋಪು ಮತ್ತು ನಾನು ಕಿತ್ತು ಬಿಸಾಕಿದ ಎರಡು ಬೆಟ್ಟ

ಮೊನ್ನೆ ನನ್ನ ಮಾಡೆಲ್ ರೈಲಿನ ಲೇಔಟಿನ (ಪುಟ್ಟ ಹಳಿ, ಬೆಟ್ಟ, ಹುಲ್ಲು ಎಲ್ಲ ಕೂರಿಸಿದ ಹಲಗೆ) ಒಂದು ಭಾಗವನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದೆ. ಹಿಂದಿನಿಂದ ನಾಲ್ಕು ಸಲ ಜೋರಾಗಿ ಗುದ್ದಿದೆ. ಕೆಳಗೆ ಹಾಸಿದ್ದ ಪೇಪರ್ ಮೇಲೆ ಬಿದ್ದಿದ್ದು ಒಂದು ಚಮಚದಷ್ಟು ಟರ್ಫ್ (ಹುಲ್ಲಿನ ಹಾಗೆ ಕಾಣುವ ಬಣ್ಣದ ಪುಡಿ), ಹತ್ತಿಪ್ಪತ್ತು ಜಲ್ಲಿ, ಅಷ್ಟೇ. ಎದುರಿಗೆ ಇಬ್ಬರು ಗೆಳೆಯರು ನಿಂತಿದ್ದರು. 'ಶಾಲೆ ಮಕ್ಕಳ ಗೋಂದಿಗೆ ನೀರು ಕಲಸಿ ಬೆಟ್ಟ ನಿಲ್ಲಿಸ್ತಾನಂತೆ' ಅಂತ ಒಂದು ವರ್ಷದಿಂದ ನಗುತ್ತಿದ್ದವರು. ಒಬ್ಬನಂತೂ ಬಗ್ಗಿ ಆ ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿದ. ಏನೂ ಮಾತಾಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲೇಔಟ್ ಎಚ್‌ಒ ಸ್ಕೇಲ್ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಅಳತೆ), 8 ಅಡಿಗೆ 4 ಅಡಿ, ಎರಡು ತುಂಡು. ಕೆಳಗೆ ಪ್ಲೈವುಡ್, ಮೇಲೆ ಫೋಮ್ ಹಲಗೆ, ಬೆಟ್ಟಗಳಿಗೆ ಪ್ಲಾಸ್ಟರ್ ಬಟ್ಟೆ. ಶುರುವಿನಲ್ಲಿ ಎಲ್ಲರ ಹಾಗೆ ನಾನೂ ಹಾಬಿ ಅಂಗಡಿಯ ಸೀನಿಕ್ ಸಿಮೆಂಟ್, ಅಂದರೆ ಇದೇ ಕೆಲಸಕ್ಕೆ ಮಾರುವ ತೆಳು ಅಂಟು, ತಂದೆ. ಒಂದು ಬಾಟಲಿಗೆ ಎರಡು ಚದರ ಅಡಿ ಕೂಡ ಸರಿಯಾಗಿ ಮುಗಿಯಲಿಲ್ಲ. ನಾನು ಸುರಿದಿದ್ದೂ ಜಾಸ್ತಿಯೇ, ಒಪ್ಪುತ್ತೇನೆ. ಲೆಕ್ಕ ಹಾಕಿದರೆ ಇಂಜಿನ್‌ಗಿಂತ ಅಂಟಿಗೇ ಹೆಚ್ಚು ದುಡ್ಡು ಹೋಗುವ ಹಾಗಿತ್ತು. ಆಮೇಲೆ ಅದೇ ಒಂದು ಬಾಟಲಿಯ ದುಡ್ಡಿಗೆ ಹೆಚ್ಚುಕಮ್ಮಿ 1 ಲೀಟರ್ ಬಿಳಿ ಮರಗೆಲಸದ ಗೋಂದು ಸಿಕ್ಕಿತು. ಒಂದಕ್ಕೆ ಮೂರು ಪಾಲು ನೀರು ಹಾಕಿದರೆ 4 ಲೀಟರ್ ಆಯಿತಲ್ವಾ. ಇಡೀ ಲೇಔಟ್ ಮುಗಿದ ಮೇಲೂ ಸ್ವಲ್ಪ ಉಳಿದಿದೆ.

ಆದರೆ ಸುಲಭಕ್ಕೆ ಬರಲಿಲ್ಲ. ಮೊದಲ ಬೆಟ್ಟಕ್ಕೆ ಗೋಂದನ್ನು ಹಾಗೇ ದಪ್ಪಗೆ ಬ್ರಷ್‌ನಲ್ಲಿ ಬಳಿದು ಮೇಲೆ ಟರ್ಫ್ ಉದುರಿಸಿದೆ. ನೋಡಲು ಚೆನ್ನಾಗಿತ್ತು. ಒಣಗಿದ ಮೇಲೆ ಒಂದು ಮೂಲೆ ಎದ್ದಿತ್ತು, ಎಳೆದರೆ ಇಡೀ ಹುಲ್ಲು ಚಾಪೆಯ ಹಾಗೆ ಸುರುಳಿಯಾಗಿ ಬಂತು! ನುಣುಪು ಫೋಮಿಗೆ ಬಣ್ಣ ಹಚ್ಚದೆ ಮಾಡಿದ್ದರ ಫಲ. ಎರಡನೇ ಬೆಟ್ಟಕ್ಕೆ ಒಣ ಟರ್ಫ್ ಹರಡಿ ನೀರುಗೋಂದು ಸ್ಪ್ರೇ ಮಾಡಿದೆ. ಕೆಸುವಿನ ಎಲೆ ಮೇಲೆ ನೀರು ನಿಂತ ಹಾಗೆ ಹನಿಹನಿಯಾಗಿ ಮೇಲೇ ಕೂತಿತು, ಆಮೇಲೆ ಪುಡಿಯನ್ನೂ ಕಟ್ಟಿಕೊಂಡು ಕೆಳಗೆ ಜಾರಿತು. ಮೇಲ್ಪದರ ಮಾತ್ರ ಹಪ್ಪಳದ ಹಾಗೆ ಗಟ್ಟಿ, ಅಡಿಯಲ್ಲಿ ಬರೀ ಒಣ ಪುಡಿ. ವ್ಯಾಕ್ಯೂಮ್ ಹಿಡಿದ ಕೂಡಲೇ ಬೆಟ್ಟ ಬೋಳಾಯಿತು. ಎರಡನ್ನೂ ಕಿತ್ತು ಬಿಸಾಕಿದೆ.

ತಪ್ಪು ಗೋಂದಿನದ್ದಲ್ಲ ಅಂತ ಗೊತ್ತಾಗಲು ಮೂರು ತಿಂಗಳು ಹಿಡಿಯಿತು. ಒದ್ದೆ ಮಾಡುವುದರಲ್ಲೇ ಇದೆ ಎಲ್ಲ. ಪುಡಿಯ ತಳದವರೆಗೂ ತೇವ ಇಳಿದಿದ್ದರೆ ಗೋಂದು ಅದರ ಹಿಂದೆಯೇ ತಾನಾಗಿ ಇಳಿಯುತ್ತದೆ, ಎಷ್ಟೇ ಅಗ್ಗದ್ದಾದರೂ. ತೇವ ಇಲ್ಲದಿದ್ದರೆ ಎಷ್ಟೇ ದುಬಾರಿ ಅಂಟು ತಂದರೂ ಮೇಲೇ ಕೂರುತ್ತದೆ.

ಈಗ ನಾನು ಮಾಡುವುದು ಹೀಗೆ. ಮೊದಲು ಮಣ್ಣು ಬಣ್ಣದ ಗೋಡೆ ಪೇಂಟ್, ಹೊಳಪಿಲ್ಲದ್ದು, ಯಾರದೋ ಮನೆಯಲ್ಲಿ ಉಳಿದ ಡಬ್ಬಿಯಾದರೂ ಸರಿ. ಒಂದು ಅಂಗೈಯಷ್ಟು ಜಾಗಕ್ಕೆ ದಪ್ಪಗೆ ಬಳಿದು, ಅದು ಹಸಿ ಇರುವಾಗಲೇ ನುಣುಪು ಪುಡಿಯನ್ನು ಜರಡಿಯಿಂದ ಉದುರಿಸುತ್ತೇನೆ. ಮೊದಲ ಪದರಕ್ಕೆ ಬೇರೆ ಅಂಟೇ ಬೇಡ, ಪೇಂಟೇ ಅಂಟು. ಪುಡಿ ಉದುರಿಹೋದರೂ ಕೆಳಗೆ ಬಿಳಿ ಫೋಮ್ ಕಾಣುವುದಿಲ್ಲ. ರಾತ್ರಿ ಬಿಟ್ಟು, ಬೆಳಿಗ್ಗೆ ಸಡಿಲ ಪುಡಿಯನ್ನು ಬ್ರಷ್‌ನಲ್ಲಿ ಗುಡಿಸಿ ಡಬ್ಬಿಗೆ ವಾಪಸ್ ಹಾಕುತ್ತೇನೆ. ಎರಡನೇ ಪದರಕ್ಕೆ ಒರಟು ಟರ್ಫ್ ಹಾಕಿ, 70% ಐಸೊಪ್ರೊಪೈಲ್ ಆಲ್ಕೊಹಾಲ್ ಸ್ಪ್ರೇ. ಮಂಜಿನಂತೆ ಬೀಳಬೇಕು, ಹನಿಯಾಗಿ ಬಿದ್ದರೆ ಗುಂಡಿ ಬೀಳುತ್ತದೆ. ಅದಕ್ಕೇ ಬಾಟಲಿಯನ್ನು ಗುಡ್ಡದ ಕಡೆಗೆ ತಿರುಗಿಸದೆ ಮೇಲೆ ಗಾಳಿಗೆ ಹೊಡೆಯುವುದು, ಮಂಜು ತಾನೇ ಇಳಿಯುತ್ತದೆ. ಪುಡಿಯ ಬಣ್ಣ ಪೂರ್ತಿ ಕಪ್ಪಾಗುವ ತನಕ. ಆಮೇಲೆ ಡ್ರಾಪರ್‌ನಲ್ಲಿ ಗೋಂದು ನೀರು, ಒಂದು ಕಪ್ಪಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ಆಲ್ಕೊಹಾಲ್ ಬೇಗ ಬೆಂಕಿ ಹಿಡಿಯುತ್ತದೆ, ಕಿಟಕಿ ತೆಗೆದಿಡಿ, ಹಳಿಯ ಕರೆಂಟ್ ಆರಿಸಿ. ಸ್ಟ್ಯಾಟಿಕ್ ಗ್ರಾಸ್ ಯಂತ್ರವನ್ನು (ಕರೆಂಟಿನಿಂದ ಕೃತಕ ಹುಲ್ಲಿನ ಎಳೆಗಳನ್ನು ನೆಟ್ಟಗೆ ನಿಲ್ಲಿಸುವಂಥದ್ದು) ಆ ಹೊತ್ತಿಗೆ ಹತ್ತಿರ ತರಲೇಬೇಡಿ, ಅದು ಕಿಡಿ ಹಾರಿಸುವ ಸಾಮಾನು.

ದುಡ್ಡು ಉಳಿಸಲು ಎರಡನ್ನೂ ಒಂದೇ ಬಾಟಲಿಗೆ ಹಾಕೋಣ ಅಂತ ಒಮ್ಮೆ ತೀಕ್ಷ್ಣ ಆಲ್ಕೊಹಾಲನ್ನು ಗಟ್ಟಿ ಗೋಂದಿಗೇ ಸುರಿದೆ. ಒಡೆದ ಹಾಲಿನ ಹಾಗೆ ಗಡ್ಡೆಗಡ್ಡೆಯಾಯಿತು. ಸ್ಪ್ರೇ ಬಾಟಲಿಯ ಮೂತಿ ಅವತ್ತೇ ಸತ್ತಿತು. ಅಂದಹಾಗೆ ಗೋಂದು ನೀರು ತುಂಬಿದ ಸ್ಪ್ರೇ ಬಾಟಲಿಯನ್ನು ಪ್ರತಿ ಸಲ ಬಿಸಿನೀರಿನಲ್ಲಿ ತೊಳೆಯಲೇಬೇಕು. ನಾನು ಆರೇಳು ಬಾಟಲಿ ಬಲಿ ಕೊಟ್ಟ ಮೇಲೆ ಕಲಿತೆ. ಉಳಿಸಿದ ದುಡ್ಡಿನಲ್ಲಿ ಕಾಲು ಭಾಗ ಬಾಟಲಿಗೇ ಹೋಗಿರಬೇಕು.

ಜಲ್ಲಿಗೂ ಇದೇ ಕ್ರಮ. ಗೋಂದು ಮಾತ್ರ ಇನ್ನೂ ಸ್ವಲ್ಪ ಗಟ್ಟಿ, ಒಂದಕ್ಕೆ ಎರಡು. ಸ್ಲೀಪರ್‌ಗಳ ನಡುವೆ ಸುರಿದು ಮೆತ್ತನೆ ಬ್ರಷ್‌ನಲ್ಲಿ ಸಮ ಮಾಡುವುದಕ್ಕೇ ಹೆಚ್ಚು ಹೊತ್ತು ಬೇಕು, ಅಂಟಿಸುವುದಕ್ಕಲ್ಲ. ಡ್ರಾಪರನ್ನು ಹಳಿಯ ಪಕ್ಕಕ್ಕೆ ತಾಗಿಸಿ ಬಿಟ್ಟರೆ ಜಲ್ಲಿ ತೇಲುವುದಿಲ್ಲ. ಪಾಯಿಂಟ್ಸ್ (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ) ಹತ್ತಿರ ನಾನು ಸೋತಿದ್ದೇನೆ. ಎರಡು ಪಾಯಿಂಟ್ಸ್ ಒಂದೇ ರಾತ್ರಿಯಲ್ಲಿ ಕಲ್ಲಾಗಿ ಕೂತವು. ಬ್ಲೇಡ್, ಬಿಸಿನೀರು, ಎರಡು ಸಂಜೆ, ಒಂದನ್ನು ಬಿಡಿಸಿದೆ, ಇನ್ನೊಂದು ಮುರಿಯಿತು. ಈಗ ಅಂಟಿಸುವ ಮೊದಲೇ ಅಲುಗಾಡುವ ಭಾಗಗಳಿಗೆ ತೆಳು ಎಣ್ಣೆಯ ಒಂದು ಹನಿ ಬಿಡುತ್ತೇನೆ, ಅಲ್ಲಿ ಜಲ್ಲಿಯೂ ಕಮ್ಮಿ. ಗೋಂದು ಒಣಗುವ ತನಕ ಆಗಾಗ ಪಾಯಿಂಟ್ಸ್ ಆಚೆ ಈಚೆ ಆಡಿಸುತ್ತಿರಬೇಕು.

ಬಿಳಿ ಗೋಂದಿನ ದೊಡ್ಡ ಗುಣ ಏನೆಂದರೆ ಒದ್ದೆ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಯಾರ್ಡಿನ ಎರಡು ಲೈನ್ ಬದಲಾಯಿಸಬೇಕಾದಾಗ ನೀರು ಹಾಕಿ ಒಂದು ಗಂಟೆ ಬಿಟ್ಟೆ, ಹಳಿ ಪೂರ್ತಿಯಾಗಿ ಎದ್ದು ಬಂತು, ಜಲ್ಲಿಯನ್ನೂ ತೊಳೆದು ಮತ್ತೆ ಬಳಸಿದೆ. ಮ್ಯಾಟ್ ಮೀಡಿಯಂ (ಚಿತ್ರ ಬರೆಯುವವರು ಬಳಸುವ ಹೊಳಪಿಲ್ಲದ ಅಕ್ರಿಲಿಕ್ ದ್ರವ) ಹಾಕಿದವರು ಹೀಗೆ ಮಾಡಿ ನೋಡಲಿ! ಅದರ ಪರವಾಗಿಯೂ ಒಂದು ಮಾತು ಹೇಳಬೇಕು: ಒಣಗಿದ ಮೇಲೆ ಹೊಳೆಯುವುದಿಲ್ಲ, ಸ್ವಲ್ಪ ಮೆತ್ತಗಿರುತ್ತದೆ, ಅದರಿಂದ ರೈಲಿನ ಗಡಗಡ ಸದ್ದೂ ಕಮ್ಮಿ. ಬಿಳಿ ಗೋಂದು ಕಲ್ಲಿನ ಹಾಗೆ ಗಟ್ಟಿಯಾಗಿ ಸದ್ದನ್ನು ನೇರ ಪ್ಲೈವುಡ್ಡಿಗೆ ಇಳಿಸುತ್ತದೆ. ಬಿಳಿ ಗೋಂದಿನ ಹೊಳಪು ಕಳೆಯಲು ನನ್ನ ಹತ್ತಿರ ಒಂದು ಉಪಾಯ ಇದೆ. ಗೋಂದಿಗೆ ಒಂದು ಚಿಟಿಕೆ ಏನೋ ಸೇರಿಸುತ್ತೇನೆ, ಎಲ್ಲರ ಮನೆಯಲ್ಲೂ ಇರುವಂಥದ್ದೇ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಆ ಇಬ್ಬರು ಬಾಯಿ ಬಿಟ್ಟು ಕೇಳುವ ತನಕ.

ಪುಡಿಯ ಹುಚ್ಚೂ ಹಿಡಿಯಿತು ನಡುವೆ. ಅಂಗಳದ ಮಣ್ಣನ್ನು ಒಣಗಿಸಿ ಮೂರು ಜರಡಿ ಹಿಡಿದೆ. ಅದರಷ್ಟು ಮಣ್ಣಿನ ಹಾಗೆ ಕಾಣುವುದು ಇನ್ನೊಂದಿಲ್ಲ, ಬಿಟ್ಟಿ ಬೇರೆ. ಆದರೆ ಸುಮ್ನೆ ಮ್ಯಾಗ್ನೆಟ್ ಆಡಿಸಿ ನೋಡಿದರೆ ಕಪ್ಪು ಕಬ್ಬಿಣದ ಪುಡಿ ಮೀಸೆಯ ಹಾಗೆ ಅಂಟಿಕೊಂಡಿತ್ತು. ಇಂಜಿನ್ ಮೋಟಾರಿನೊಳಗೂ ಮ್ಯಾಗ್ನೆಟ್ ಇದೆಯಲ್ಲ, ಇದೆಲ್ಲ ಅಲ್ಲಿಗೇ ಹೋಗುತ್ತಿತ್ತು. ಈಗ ಮ್ಯಾಗ್ನೆಟ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ ಐದಾರು ಸಲ ಆಡಿಸದೆ ಮಣ್ಣು ಹಾಕುವುದಿಲ್ಲ. ಒಣ ಎಲೆ ಪುಡಿಯನ್ನು ಕಾಡಿನ ನೆಲಕ್ಕೆ ಹಾಕಿದೆ, ಪೂರ್ತಿ ಒಣಗಿರಲಿಲ್ಲ, ಎರಡೇ ವಾರಕ್ಕೆ ಬಿಳಿ ಬೂಷ್ಟು ಬಂತು. ಹಳೆ ಹಾಸಿಗೆಯ ಫೋಮನ್ನು ಹಸಿರು ಅಕ್ರಿಲಿಕ್ ಬಣ್ಣದಲ್ಲಿ ಅದ್ದಿ, ನೀರು ಹಾಕಿ ಮಿಕ್ಸಿಯಲ್ಲಿ ಹೊಡೆದು ಟರ್ಫ್ ಮಾಡಿದ್ದು ಮಾತ್ರ ಗೆದ್ದಿತು. ಎರಡು ದೊಡ್ಡ ಡಬ್ಬಿ ತುಂಬಾ ಇದೆ. ಮಿಕ್ಸಿ ವಿಷಯ ಮನೆಯಲ್ಲಿ ಇನ್ನೂ ತಣ್ಣಗಾಗಿಲ್ಲ, ಹಳೆಯದೊಂದು ಬೇರೆ ಇಟ್ಟುಕೊಳ್ಳಿ.

ಹೇರ್‌ಸ್ಪ್ರೇ ಬಗ್ಗೆ ಕೇಳುವವರಿಗೆ: ಮರದ ಎಲೆಗೆ ಪರವಾಗಿಲ್ಲ, ನೆಲಕ್ಕೆ ಹಾಕಬೇಡಿ. ಕೈ ತಾಗಿದರೆ ಉದುರುತ್ತದೆ.

ಇನ್ನೊಂದು. ಗೋಂದು ಹಾಕಿದ ಮರುಗಳಿಗೆ ಇಡೀ ಲೇಔಟ್ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ಮುಟ್ಟಬೇಡಿ, ಒರೆಸಬೇಡಿ, ಬಾಗಿಲು ಹಾಕಿಕೊಂಡು ಹೋಗಿ. ಪ್ಲಾಸ್ಟರ್ ಮೇಲೆ ಒಂದು ರಾತ್ರಿಗೆ ತಿಳಿಯಾಗುತ್ತದೆ, ಫೋಮ್ ಹಲಗೆ ಮೇಲೆ ಎರಡು ಮೂರು ದಿನ ಬೇಕು. ಹಳಿಯ ತಲೆಯನ್ನು ಮಾತ್ರ ಅವತ್ತೇ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ನಾನು ಒಮ್ಮೆ ಮರೆತು, ಮಾರನೇ ದಿನ ಇಂಜಿನ್ ಓಡಲಿಲ್ಲ ಅಂತ ಅರ್ಧ ವೈರಿಂಗ್ ಬಿಚ್ಚಿಬಿಟ್ಟಿದ್ದೆ.