ಭಾವನಿಗೆ ಹಕ್ಕಿಮನೆ ತೋರಿಸಿದ್ದು

ನಾನಿರೋದು ಮಲೇಷ್ಯಾದ ಪೆರಾಕ್ ರಾಜ್ಯದ ಸಿತಿಯವಾನ್‌ನಲ್ಲಿ. ಪೆನಾಂಗ್‌ಗೆ ಫ್ಯಾಕ್ಟರಿ ಕೆಲಸಕ್ಕೆ ಬಂದವನು ಇಲ್ಲಿನ ತಮಿಳು ಹುಡುಗೀನ ಮದುವೆ ಆಗಿ ಮಾವನ ಎಲೆಕ್ಟ್ರಿಕಲ್ ಅಂಗಡೀಲೇ ಸೆಟಲ್ ಆದೆ. ಅಂಗಡಿ ಹೆಸರಿಗೆ ಫ್ಯಾನು ಬಲ್ಬು ಅಷ್ಟೆ, ನಮ್ಮ ಹೊಟ್ಟೆ ತುಂಬೋದು ಹಕ್ಕಿಮನೆಗಳ ಆಂಪ್ಲಿಫೈಯರ್, ಟ್ವೀಟರ್ ಅನ್ನೋ ಸಣ್ಣ ಸ್ಪೀಕರ್, ಟೈಮರ್ ರಿಪೇರಿಯಿಂದ. ಹಕ್ಕಿಮನೆ ಅಂದ್ರೆ ಸ್ವಿಫ್ಟ್‌ಲೆಟ್ ಅನ್ನೋ ಪುಟ್ಟ ಹಕ್ಕಿ ಬಂದು ಗೂಡು ಕಟ್ಲಿ ಅಂತ ಮನುಷ್ಯರು ಕಟ್ಟಿಸೋ ಕಾಂಕ್ರೀಟ್ ಬಿಲ್ಡಿಂಗು, ಮಲಯದವ್ರು ರುಮಾ ವಾಲಿಟ್ ಅಂತಾರೆ. ಹಕ್ಕಿ ತನ್ನ ಜೊಲ್ಲಲ್ಲೇ ಗೂಡು ಕಟ್ಟುತ್ತೆ, ಆ ಗೂಡನ್ನ ಚೀನಾದವ್ರು ಸೂಪ್ ಮಾಡಿ ಕುಡೀತಾರೆ.

ಶಿವಮೊಗ್ಗ ಜಿಲ್ಲೆ ಸಾಗರದ ಕಡೆಯಿಂದ ನಮ್ಮ ಭಾವ ಬಂದಿದ್ರು, ಅಕ್ಕನ ಗಂಡ. ಅಡಿಕೆ ತೋಟ ಇದೆ, ಕೊಳೆರೋಗ ಎಲೆಚುಕ್ಕಿ ಎರಡೂ ಸೇರಿ ಸಾಕುಸಾಕು ಮಾಡಿವೆ, ಅಂಥ ಟೈಮಲ್ಲಿ ಯಾರೋ ಯೂಟ್ಯೂಬ್ ವಿಡಿಯೋ ಕಳಿಸಿದಾರೆ, ಹಕ್ಕಿಗೂಡು ಕೇಜಿಗೆ ಲಕ್ಷ ರೂಪಾಯಿ ಅಂತ. ಏರ್‌ಪೋರ್ಟಿಂದ ಮೂರೂವರೆ ಗಂಟೆ ದಾರಿ ಪೂರ್ತಿ ಅದೇ ಮಾತು. "ಅಲ್ಲ ಮಾರಾಯ, ಹೊಂಡದ ಹತ್ರ ಹಳೇ ಗೋಡೌನ್ ಖಾಲಿ ಬಿದ್ದಿದೆ, ನೀನು ಸ್ಪೀಕರ್ ಹಾಕ್ಕೊಟ್ರೆ ಸಾಕು."

ಇಲ್ಲಿಗೆ ಬರೋ ಹೊರದೇಶದವ್ರಿಗೆ ನಾನು ಆಗಾಗ ಹಕ್ಕಿಮನೆ ತೋರಿಸ್ತೀನಿ, ನನಗೊಂದು ಪದ್ಧತಿ ಇದೆ. ಮೊದಲು ಫೇಲ್ ಆದ ಮನೆ, ಆಮೇಲೆ ಪಾಸಾದ ಮನೆ. ಏಜೆಂಟರು ಉಲ್ಟಾ ಮಾಡ್ತಾರೆ, ಗೂಡು ತುಂಬಿದ ಒಂದು ಮನೆ ತೋರ್ಸಿ ಪ್ಲಾನ್ ಮಾರ್ತಾರೆ. ಆಮೇಲೆ ಹಕ್ಕಿ ಬರದೇ ಇದ್ದಾಗ ನನಗೆ ಫೋನ್ ಬರುತ್ತೆ, ಸೌಂಡ್ ಸರಿ ಇಲ್ಲ ನೋಡಪ್ಪ ಅಂತ.

ಸರಿ, ಬೆಳಿಗ್ಗೆ ಒಬ್ರು ಟೌಕೆಯ ಖಾಲಿ ಮನೆಗೆ ಹೋದ್ವಿ. ಟೌಕೆ ಅಂದ್ರೆ ಇಲ್ಲಿ ಯಜಮಾನ್ರು, ಧಣಿ. ಮೂರು ಮಹಡಿ, ಒಂದೂ ಕಿಟಕಿ ಇಲ್ಲ, ಗೋಡೆ ತುಂಬ ಗಾಳಿಗೆ ಪಿವಿಸಿ ಪೈಪು, ಬೆಳಕು ನುಗ್ಗದ ಹಾಗೆ ಪೈಪಿನ ಬಾಯಿ ಕೆಳಕ್ಕೆ ಬಗ್ಗಿಸಿರ್ತಾರೆ. ಮೇಲೆ ಹಕ್ಕಿ ಒಳಗೆ ಬರೋಕೆ ಒಂದು ಚೌಕ ತೂತು, ಪಕ್ಕದಲ್ಲಿ ಹಕ್ಕಿ ಕೂಗು ಹಾಕೋ ಸ್ಪೀಕರು. ಬೆಳಗಾದ್ರೆ ಶುರು, ಕತ್ತಲಾಗೋವರೆಗೂ ಚೀ ಚೀ ಚೀ, ಪಕ್ಕದ ಮನೆಯವ್ರ ಜಗಳಕ್ಕೆಲ್ಲ ಮೂಲ ಇದೇ. ಒಳಗೆ ಸೀಲಿಂಗ್ ತುಂಬ ಮೆರಾಂಟಿ ಮರದ ಹಲಗೆ, ಚೌಕ ಚೌಕ ಮನೆ ಮಾಡಿ ಬಡಿದಿದಾರೆ, ಮೂಲೆ ಮೂಲೆಗೆ ಆಸೆ ತೋರ್ಸೋಕೆ ಪ್ಲಾಸ್ಟಿಕ್ ಗೂಡು. ನಿಜವಾದ ಗೂಡು? ಎಣಿಸಿದ್ರೆ ಒಂದು ಕೈ ಬೆರಳು ಸಾಕು. ಭಾವ ಟಾರ್ಚ್ ಬಿಟ್ಟು ಬಿಟ್ಟು ನೋಡಿದ್ರು. "ಎಷ್ಟು ವರ್ಷ ಆಯ್ತು?" ಆರು ಅಂದೆ. "ಕರೆಂಟ್ ಬಿಲ್?" ತಿಂಗಳು ತಿಂಗಳು ಕಟ್ತಾರೆ ಅಂದೆ. ಅವ್ರು ಮಾತಾಡ್ಲಿಲ್ಲ, ಹಲಗೆ ಮುಟ್ಟಿ ನೋಡಿ "ಒಣಗಿದೆ ಮಾರಾಯ" ಅಂದ್ರು. ಕೃಷಿಕನ ಕೈ ಅಂದ್ರೆ ಅದು, ಸಮಸ್ಯೆ ನಿಜವಾಗ್ಲೂ ಅದೇ. ತೇವ ಶೇಕಡಾ 80ರಿಂದ 90ರ ಒಳಗಿರ್ಬೇಕು, ಬಿಸಿ 26ರಿಂದ 30 ಡಿಗ್ರಿ, ಕತ್ತಲು ಗವಿ ತರ. ಈ ಮನೆ ಮೇಲಿನ ಮಹಡಿ ಮಧ್ಯಾಹ್ನ ಕಾದ ಹಂಚು, ಟೌಕೆ ಛಾವಣೀಲಿ ದುಡ್ಡು ಉಳಿಸೋಕೆ ಹೋಗಿ ಅಲ್ಲೇ ಕಳ್ಕೊಂಡ್ರು.

ಪಾಸಾದ ಮನೆಗೆ ಹನ್ನೊಂದರ ಮೇಲೆ ಹೋಗ್ಬೇಕು, ಆಗ ದೊಡ್ಡ ಹಕ್ಕಿಗಳು ಹುಳ ಹಿಡಿಯೋಕೆ ಹೊರಗೆ ಹೋಗಿರ್ತವೆ, ಗಲಾಟೆ ಕಡಿಮೆ. ಆದ್ರೆ ಒಳಗೆ ಬಿಡೋದೇ ದೊಡ್ಡ ಕತೆ. ಯಾವ ಟೌಕೆನೂ ಅಪರಿಚಿತರನ್ನ ಬಿಡಲ್ಲ, ಕಳ್ಳತನದ ಭಯ, ಎರಡೆರಡು ಕಬ್ಬಿಣದ ಬಾಗ್ಲು, ಕ್ಯಾಮೆರಾ. ನಾನು ಹೋದ್ರೆ ರಿಪೇರಿಯವನು ಅಂತ ಬಾಗ್ಲು ತೆಗೀತಾರೆ. ಆವತ್ತು ಭಾವ ತಲೆನೋವು ಅಂತ ನೀಲಗಿರಿ ಎಣ್ಣೆ ಹಚ್ಚಿಕೊಂಡು ಬಂದಿದ್ರು, ಬಾಗ್ಲಲ್ಲೇ ಟೌಕೆ ಮೂಗು ಅರಳಿಸಿ "ತಂಬಿ, ಈ ವಾಸನೆ ಒಳಗೆ ಬೇಡ, ಇವ್ರು ಮುಖ ತೊಳೀಲಿ" ಅಂದ್ರು. ನಲ್ಲೀಲಿ ಸೋಪು ಹಾಕಿ ಎರಡು ಸಲ ತೊಳೆಸಿದ್ದಾಯ್ತು. ನನ್ನ ಅಕ್ಕನ ಮನೇಲಿ ಜೋರು ದನಿ ಇವರ್ದೇ, ಇಲ್ಲಿ ಶಾಲೆ ಹುಡುಗನ ಹಾಗೆ ತಲೆ ಬಗ್ಗಿಸಿ ನಿಂತಿದ್ರು. ಫೋನ್ ಕಾರಲ್ಲೇ ಬಿಡ್ಸಿದೆ, ಫ್ಲ್ಯಾಶ್ ಹೊಡೆದ್ರೆ ಮುಂದಿನ ಸಲ ನನಗೂ ಬಾಗ್ಲು ತೆಗೆಯಲ್ಲ.

ಒಳಗೆ ಹೆಜ್ಜೆ ಇಟ್ಟ ಕೂಡ್ಲೇ ಮೂಗಿಗೆ ಅಮೋನಿಯಾ, ಕಾಲ ಕೆಳಗೆ ಹಿಕ್ಕೆ ಮೆತ್ತಗೆ, ಗೋಡೆ ಮೇಲೆ ಜಿರಳೆ. ಆಷಾಢದ ಮಳೇಲಿ ಬಾಗ್ಲು ಹಾಕಿಟ್ಟ ಅಡಿಕೆ ಅಟ್ಟ ಇದ್ದ ಹಾಗಿದೆ ಅಂತ ಭಾವ ಪಿಸುಗುಟ್ಟಿದ್ರು. ಆಮೇಲೆ ಕತ್ತಲಲ್ಲಿ ಟಿಕ್ ಟಿಕ್ ಟಿಕ್ ಅಂತ ಬಾಚಣಿಗೆ ಹಲ್ಲಿಗೆ ಉಗುರು ಎಳೆದ ತರ ಶಬ್ದ. ಬಾವಲಿ ತರಾನೇ ಈ ಹಕ್ಕಿನೂ ಶಬ್ದದ ಪ್ರತಿಧ್ವನಿ ಹಿಡಿದು ಕತ್ತಲಲ್ಲಿ ಹಾರುತ್ತೆ, ವ್ಯತ್ಯಾಸ ಏನಂದ್ರೆ ಬಾವಲೀದು ನಮಗೆ ಕೇಳ್ಸಲ್ಲ, ಇದರದ್ದು ಕೇಳುತ್ತೆ. ಟೌಕೆ ಕೋಲಿಗೆ ಕನ್ನಡಿ ಕಟ್ಟಿ ಮೇಲೆತ್ತಿ ಗೂಡಿನ ಒಳಗೆ ತೋರ್ಸಿದ್ರು, ಎರಡು ಬಿಳಿ ಮೊಟ್ಟೆ. "ಇದು ಈಗ ಕೀಳಲ್ಲ" ಅಂದ್ರು. ಮರಿ ಹಾರಿಹೋದ ಮೇಲೆ ನೀರು ಸಿಂಪಡಿಸಿ ಗೂಡು ಮೆತ್ತಗಾದಾಗ ಅಗಲದ ಉಳಿಯಿಂದ ಕೆರೆದು ತೆಗೀತಾರೆ. ಒಂದು ಗೂಡು ಹತ್ತು ಗ್ರಾಮಿನ ಆಸುಪಾಸು, ಅಂದ್ರೆ ಕೇಜಿಗೆ ನೂರಕ್ಕೂ ಮೇಲೆ ಗೂಡು ಬೇಕು. ಆಮೇಲೆ ನೆನೆಸಿ, ಹೆಂಗಸರು ಚಿಮಟದಲ್ಲಿ ಒಂದೊಂದೇ ಪುಕ್ಕ ಕೀಳ್ಬೇಕು. ವಿಡಿಯೋದವ್ರು ಹೇಳೋ ಲಕ್ಷ ಅದು, ಕ್ಲೀನ್ ಆಗಿ ಡಬ್ಬಿ ಸೇರಿದ ಮೇಲಿನ ಅಂಗಡಿ ರೇಟು. ಟೌಕೆ ಕೈಗೆ ಬರೋದು ಬೇರೆ. 2011ರಲ್ಲಿ ಚೀನಾದಲ್ಲಿ ಕೆಂಪು ಬಣ್ಣದ ಗೂಡಲ್ಲಿ ನೈಟ್ರೈಟ್ ಅನ್ನೋ ರಾಸಾಯನಿಕ ಜಾಸ್ತಿ ಸಿಕ್ಕಿ ಆಮದು ನಿಲ್ಸಿದಾಗ ರೇಟು ನೆಲ ಕಚ್ತು, ಆಗ ನನಗೂ ಎಷ್ಟೋ ಬಾಕಿ ಬರ್ಲೇ ಇಲ್ಲ.

ಹೊರಗೆ ಬಂದ ಮೇಲೆ ಟೌಕೆ ಹೆಂಡತಿ ಗೌರವಕ್ಕೆ ಅಂತ ಕಲ್ಲುಸಕ್ಕರೆ ಹಾಕಿ ಬೇಯಿಸಿದ ಗೂಡಿನ ಪಾನಕ ಬಟ್ಟಲಲ್ಲಿ ತಂದಿಟ್ರು. ಭಾವ ನನ್ನ ಮುಖ ನೋಡಿದ್ರು. "ಎಂಜಲಲ್ವಾ?" ಅಂದ್ರು ಮೆಲ್ಲಗೆ. ಎಂಜಲೇ ಭಾವ, ಪ್ಯೂರ್ ಎಂಜಲು, ಅದಕ್ಕೇ ರೇಟು ಅಂದೆ. ನಾನೇ ಎರಡು ಬಟ್ಟಲು ಕುಡಿದೆ, ಇವ್ರಿಗೆ ಇವತ್ತು ಉಪವಾಸ ಅಂತ ಒಂದು ಸುಳ್ಳು ಹೇಳಿದೆ. ರುಚಿ ಅಂತ ಏನಿಲ್ಲ, ನೆನೆದ ಸಬ್ಬಕ್ಕಿ ತರ ಇರುತ್ತೆ.

ಊರಲ್ಲಿ ಮಾಡೋ ಮಾತಿಗೆ ಕಾರಲ್ಲೇ ಉತ್ತರ ಕೊಟ್ಟೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಸ್ವಿಫ್ಟ್‌ಲೆಟ್ ಇದೆ, ಮಹಾರಾಷ್ಟ್ರದ ವೆಂಗುರ್ಲಾ ಹತ್ರ ಕಡಲೊಳಗಿನ ದ್ವೀಪದ ಗವೀಲಿ ದೊಡ್ಡ ಹಿಂಡೇ ಇದೆ, ಆದ್ರೆ ಅದು ಬೇರೆ ಜಾತಿ, ಗೂಡಲ್ಲಿ ಪಾಚಿ ಪುಕ್ಕ ಎಲ್ಲ ಸೇರಿರುತ್ತೆ. ಬರೀ ಜೊಲ್ಲಲ್ಲೇ ಬಿಳಿ ಗೂಡು ಕಟ್ಟೋ ಈ ಜಾತಿ ನಮ್ಮ ದೇಶದಲ್ಲಿ ಅಂಡಮಾನ್ ನಿಕೋಬಾರಲ್ಲಿದೆ. ಗೂಡು ಕಿತ್ತು ಕಿತ್ತು ಅಲ್ಲೂ ಹಕ್ಕಿ ಕಡಿಮೆ ಆಗಿ, ಪಕ್ಷಿವಿಜ್ಞಾನಿ ರವಿ ಶಂಕರನ್ ಅವ್ರು ಗೂಡು ಕೀಳ್ತಿದ್ದವರನ್ನೇ ಗವಿ ಕಾಯೋಕೆ ಹಚ್ಚಿದ್ರು. "ಹೊಂಡದ ಹತ್ರದ ಗೋಡೌನಿಗೆ ನಾನು ಎಷ್ಟು ಸ್ಪೀಕರ್ ಹಾಕಿದ್ರೂ ಈ ಹಕ್ಕಿ ಸಮುದ್ರ ದಾಟಿ ಬರಲ್ಲ ಭಾವ." ಸ್ವಲ್ಪ ಹೊತ್ತು ಸುಮ್ನಿದ್ದು "ಅಂಡಮಾನಿಗೆ ಫ್ಲೈಟ್ ಎಷ್ಟು?" ಅಂತ ಕೇಳಿದ್ರು, ತಮಾಷೆಗೋ ನಿಜಕ್ಕೋ ಗೊತ್ತಾಗ್ಲಿಲ್ಲ.

ಸಂಜೆ ಆರೂವರೆಗೆ ಮತ್ತೆ ಖಾಲಿ ಮನೆ ಮುಂದೆ ಹೋಗಿ ನಿಂತ್ವಿ, ಇದು ಭಾವನದ್ದೇ ಹಟ. ಆಚೆ ಬೀದಿ ಮನೆಗಳ ಮೇಲೆ ಹಕ್ಕಿ ಹೊಗೆ ಥರ ಸುತ್ತುತ್ತಾ ಒಂದೊಂದೇ ತೂತಿಗೆ ಇಳೀತಿದ್ವು. ಈ ಮನೆ ಟೌಕೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಮೇಲೆ ನೋಡ್ತಾ ಕೂತಿದ್ರು, ಇನ್ನೊಂದು ಕುರ್ಚಿ ಭಾವನ ಕಡೆ ತಳ್ಳಿದ್ರು. ಇಬ್ರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ. ಕತ್ತಲಾದ ಮೇಲೆ ಟೌಕೆ ಒಳಗೆ ಹೋದ ಹಕ್ಕಿ ಇಷ್ಟು ಅಂತ ಒಂಬತ್ತು ಬೆರಳು ತೋರ್ಸಿದ್ರು, ಭಾವ ತಲೆ ಅಲ್ಲಾಡ್ಸಿ ಎರಡೂ ಕೈ ಎತ್ತಿ ಹತ್ತು, ಮತ್ತೆ ಒಂದು ಬೆರಳು. ಟೌಕೆ ನನ್ನ ಕಡೆ ತಿರುಗಿ, ಸೋಮವಾರ ಬಂದು ಎರಡನೇ ಮಹಡಿ ಟ್ವೀಟರ್ ಬದಲಾಯಿಸು ಅಂದ್ರು.